‘ಗೊತ್ತಾಯ್ತು’ ಅಂದವಳಿಗೆ ಮಾರನೇ ದಿನ ಯಾಕೆ ಬರಲ್ಲ?

ಪ್ರಶ್ನೆ: ಡಿಗ್ರಿ ಮುಗಿಸಿ ಮನೆಯಲ್ಲಿದ್ದೇನೆ. ಪರಿಚಯದವರ ಮಗಳಿಗೆ ವಾರಕ್ಕೆ ಮೂರು ದಿನ ಗಣಿತ ಹೇಳಿಕೊಡುತ್ತಿದ್ದೇನೆ. ಅವಳು ನಾಲ್ಕನೇ ತರಗತಿ. ಹೇಳಿಕೊಟ್ಟಾಗ ‘ಗೊತ್ತಾಯ್ತು’ ಅನ್ನುತ್ತಾಳೆ, ಮಾರನೇ ದಿನ ಅದೇ ಲೆಕ್ಕ ತಪ್ಪು. ಕಳೆಯುವ ಲೆಕ್ಕ ಒಮ್ಮೆ ಸರಿ, ಒಮ್ಮೆ ತಪ್ಪು. ಮಗ್ಗಿ ಇಪ್ಪತ್ತರ ತನಕ ಗಡಗಡ ಹೇಳುತ್ತಾಳೆ, ಆದರೆ ನಡುವೆ ‘ಏಳೆಂಟ್ಲ ಎಷ್ಟು?’ ಅಂದರೆ ತಡಕಾಡುತ್ತಾಳೆ. ಮಾತಿನ ಲೆಕ್ಕ ಬಂದರೆ ‘ಕೂಡಬೇಕಾ, ಕಳೀಬೇಕಾ?’ ಅಂತ ನನ್ನ ಮುಖ ನೋಡುತ್ತಾಳೆ. ಅವಳ ಅಮ್ಮ ಇನ್ನೂ ಜಾಸ್ತಿ ಲೆಕ್ಕ ಮಾಡಿಸಿ ಅನ್ನುತ್ತಾರೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು ‘ಒಮ್ಮೆ ಸರಿ, ಒಮ್ಮೆ ತಪ್ಪು’. ಅರ್ಧ ಉತ್ತರ ಅಲ್ಲೇ ಇದೆ. ಅದಕ್ಕೆ ಬರುತ್ತೇನೆ. ಮೊದಲು ಈ ‘ಗೊತ್ತಾಯ್ತು’ ವಿಷಯ ಮುಗಿಸಿಬಿಡೋಣ.

‘ಗೊತ್ತಾಯ್ತಾ?’ ಅಂತ ಕೇಳುವುದನ್ನು ಇವತ್ತೇ ಬಿಟ್ಟುಬಿಡಿ. ಆ ಪ್ರಶ್ನೆಗೆ ಮಕ್ಕಳ ಹತ್ತಿರ ಇರುವುದು ಒಂದೇ ಉತ್ತರ. ‘ಇಲ್ಲ’ ಅಂದರೆ ನೀವು ಮತ್ತೆ ಮೊದಲಿಂದ ಶುರು ಮಾಡುತ್ತೀರಿ, ಇನ್ನೂ ಹತ್ತು ನಿಮಿಷ ಕೂರಬೇಕು. ‘ಹೂಂ’ ಅಂದರೆ ಮುಗಿಯಿತು. ಒಂಬತ್ತು ವರ್ಷದ ಮಗುವಿಗೆ ಇಷ್ಟು ಲೆಕ್ಕ ಚೆನ್ನಾಗಿಯೇ ಬರುತ್ತದೆ.

ನಾನು ಹೊಸದಾಗಿ ಪಾಠ ಹೇಳಲು ಶುರು ಮಾಡಿದಾಗ ಒಬ್ಬ ಹುಡುಗನಿಗೆ ಎರಡು ತಿಂಗಳು ಭಾಗಾಕಾರ ಹೇಳಿಕೊಟ್ಟೆ. ನನ್ನ ಎದುರು ಎಲ್ಲ ಸರಿ. ಪರೀಕ್ಷೆಯಲ್ಲಿ ಒಂದೂ ಸರಿ ಇಲ್ಲ. ಒಂದು ದಿನ ಬೇಸರದಲ್ಲಿ ಸುಮ್ನೆ ಪಕ್ಕಕ್ಕೆ ಕೂತು ನೋಡಿದಾಗ ಗುಟ್ಟು ಗೊತ್ತಾಯಿತು. ಅಂಕಿ ಬರೆಯುವ ಮುಂಚೆ ಅವನು ನನ್ನ ಹುಬ್ಬು ನೋಡುತ್ತಿದ್ದ. ಹುಬ್ಬು ಮೇಲೆ ಹೋದರೆ ‘ಏಳು... ಅಲ್ಲಲ್ಲ, ಆರು’ ಅನ್ನುತ್ತಿದ್ದ. ನಾನು ‘ಹಾಂ, ವೆರಿ ಗುಡ್’ ಅನ್ನುತ್ತಿದ್ದೆ. ಎರಡು ತಿಂಗಳಲ್ಲಿ ಅವನು ನನ್ನ ಮುಖ ಓದುವುದನ್ನು ಪೂರ್ತಿ ಕಲಿತಿದ್ದ. ನಿಮ್ಮ ಹುಡುಗಿಯೂ ಮುಖ ನೋಡುತ್ತಾಳೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಆ ಹುಡುಗ ನೆನಪಾದ.

ನೀವು ಚೆನ್ನಾಗಿ ವಿವರಿಸುತ್ತೀರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಒಳ್ಳೆಯ ವಿವರಣೆ ಅವಳಿಗೆ ಶಾಲೆಯಲ್ಲೂ ಸಿಗುತ್ತದೆ. ಶಾಲೆಯಲ್ಲಿ ಸಿಗದೇ ಇರುವುದು, ಅವಳೊಬ್ಬಳು ಹೇಗೆ ಯೋಚಿಸುತ್ತಿದ್ದಾಳೆ ಅಂತ ಕೂತು ಕೇಳುವ ಜನ. ಅಮೆರಿಕದ ಶಿಕ್ಷಣ ಸಂಶೋಧಕ ಬೆಂಜಮಿನ್ ಬ್ಲೂಮ್ 1984ರಲ್ಲಿ ಒಂದು ಪ್ರಬಂಧ ಬರೆದರು. ಒಬ್ಬೊಬ್ಬರಿಗೇ ಪಾಠ ಹೇಳಿಸಿಕೊಂಡ ಮಕ್ಕಳಲ್ಲಿ ಸಾಧಾರಣ ಮಗು ಕೂಡ ಮಾಮೂಲಿ ತರಗತಿಯ 100ರಲ್ಲಿ 98 ಮಕ್ಕಳಿಗಿಂತ ಮುಂದೆ ಇತ್ತು ಅಂದರು. ಅಷ್ಟು ದೊಡ್ಡ ಫಲ ಆಮೇಲಿನ ಅಧ್ಯಯನಗಳಲ್ಲಿ ಸಿಗಲಿಲ್ಲ. ಆದರೂ ಫಲ ಇರುವುದಂತೂ ನಿಜ. ಜನ ಈ ಸಂಖ್ಯೆಯನ್ನು ಹೇಳುವಾಗ ಒಂದು ವಿಷಯ ಬಿಟ್ಟುಬಿಡುತ್ತಾರೆ. ಬ್ಲೂಮ್ ನೋಡಿದ ಆ ಮಕ್ಕಳಿಗೆ ಆಗಾಗ ಸಣ್ಣ ಪರೀಕ್ಷೆ ಕೊಟ್ಟು, ಎಲ್ಲಿ ತಪ್ಪಿದೆಯೋ ಅಲ್ಲಿಗೇ ಹೋಗಿ ತಿದ್ದಿ, ಆಮೇಲೆ ಮುಂದಕ್ಕೆ ಕರೆದೊಯ್ಯುತ್ತಿದ್ದರು. ಪಕ್ಕದಲ್ಲಿ ಕೂತು ವಿವರಿಸುವುದಷ್ಟೇ ಅಲ್ಲಿ ನಡೆದಿರಲಿಲ್ಲ.

ಈಗ ಕಳೆಯುವ ಲೆಕ್ಕಕ್ಕೆ ಬರೋಣ. ಅವಳ ಹಳೇ ನೋಟ್‌ಬುಕ್ ತೆಗೆದು ಸರಿ ಲೆಕ್ಕ ಒಂದು ಕಡೆ, ತಪ್ಪು ಲೆಕ್ಕ ಇನ್ನೊಂದು ಕಡೆ ಬರೆದುಕೊಳ್ಳಿ. ಬಹುಶಃ ಹೀಗೆ ಕಾಣುತ್ತದೆ: 68 − 25 = 43, ಸರಿ. 97 − 34 = 63, ಸರಿ. 52 − 37 = 25, ತಪ್ಪು. 81 − 46 = 45, ತಪ್ಪು. ತಪ್ಪಾದ ಎರಡನ್ನೂ ಸ್ವಲ್ಪ ಹೊತ್ತು ನೋಡಿ. 52ರಿಂದ 37 ಕಳೆಯುವಾಗ ಬಿಡಿಸ್ಥಾನದಲ್ಲಿ 2 ಮತ್ತು 7 ಇವೆ. ಎರಡರಿಂದ ಏಳು ಹೋಗಲ್ಲ. ಅವಳು ತಿರುಗಿಸಿ ಏಳರಿಂದ ಎರಡು ಕಳೆದು 5 ಬರೆದಿದ್ದಾಳೆ. 81ರಲ್ಲೂ ಅದೇ ಕೆಲಸ. ಅಂದರೆ ಅವಳ ಲೆಕ್ಕಾಚಾರ ‘ಒಮ್ಮೆ ಸರಿ, ಒಮ್ಮೆ ತಪ್ಪು’ ಅಲ್ಲವೇ ಅಲ್ಲ. ಪ್ರತಿ ಸಲವೂ ಒಂದೇ ನಿಯಮ ಪಾಲಿಸುತ್ತಿದ್ದಾಳೆ: ಯಾವುದು ದೊಡ್ಡದೋ ಅದರಿಂದ ಚಿಕ್ಕದನ್ನು ಕಳಿ. ಮೇಲಿನ ಅಂಕಿ ದೊಡ್ಡದಿದ್ದಾಗ ಆ ನಿಯಮ ಸರಿ ಉತ್ತರ ಕೊಡುತ್ತದೆ, ಇಲ್ಲದಾಗ ಕೈಕೊಡುತ್ತದೆ. ಈ ನಿಯಮ ಎಲ್ಲಿಂದ ಬಂತು ಅಂತೀರಾ? ನಾವೇ ಕೊಟ್ಟಿದ್ದು. ಒಂದನೇ ತರಗತಿಯಲ್ಲಿ ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೀಬೇಕು’ ಅಂತ ಹೇಳಿದವರು ಯಾರು? ಮಗು ಅದನ್ನು ಮರೆತಿಲ್ಲ, ಅಷ್ಟೆ.

1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನುವ ಸಂಶೋಧಕರು ಮಕ್ಕಳ ಇಂಥ ತಪ್ಪುಗಳನ್ನು ಗುಡ್ಡೆ ಹಾಕಿ ನೋಡಿದರು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಇರುವ ದೋಷಕ್ಕೆ ‘ಬಗ್’ ಅನ್ನುತ್ತಾರಲ್ಲ, ಇವಕ್ಕೂ ಅದೇ ಹೆಸರಿಟ್ಟರು. ಮಗು ಅಜಾಗರೂಕತೆಯಿಂದ ತಪ್ಪು ಮಾಡುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ತಪ್ಪು ವಿಧಾನವನ್ನು ಬಹಳ ಜಾಗರೂಕತೆಯಿಂದ ಮಾಡುತ್ತಿರುತ್ತದೆ. ಇದನ್ನು ಓದಿದ ಮೇಲೆ ನಾನು ‘ಕೇರ್‌ಲೆಸ್ ಮಿಸ್ಟೇಕ್’ ಅನ್ನುವ ಮಾತನ್ನು ಸುಲಭಕ್ಕೆ ಬಳಸುವುದಿಲ್ಲ.

ಒಂದು ಲೆಕ್ಕ ಕೊಡುತ್ತೇನೆ, ನಾಳೆ ಅವಳ ಮುಂದೆ ಇಡಿ: 403 − 128. ಸರಿ ಉತ್ತರ 275. ನೀವು ಕಾಯಬೇಕಾದದ್ದು ತಪ್ಪು ಉತ್ತರಕ್ಕೆ. 325 ಬಂದರೆ ಅದು ಮೇಲೆ ಹೇಳಿದ ಅದೇ ತಿರುಗಿಸುವ ರೋಗ. 225 ಬಂದರೆ ಬೇರೆ ಕಥೆ. ಅವಳಿಗೆ ಬಿಡಿಸ್ಥಾನಕ್ಕೆ ಹತ್ತು ಬೇಕು ಅಂತ ಗೊತ್ತು, ಆದರೆ ಪಕ್ಕದಲ್ಲಿ ಸೊನ್ನೆ ಇದೆ. ‘ಇಲ್ಲಿ ಏನೂ ಇಲ್ಲ’ ಅಂತ ಅದನ್ನು ದಾಟಿ ನೇರ 4ರಿಂದ ತಂದಿದ್ದಾಳೆ. ಆಮೇಲೆ ಸೊನ್ನೆಯಿಂದ ಎರಡು ಕಳೆಯಲು ಆಗದೆ 2 ಬರೆದಿದ್ದಾಳೆ. 375 ಬಂದರೆ ಸೊನ್ನೆಯನ್ನು 9 ಮಾಡುವುದು ನೆನಪಿದೆ, 4ನ್ನು 3 ಮಾಡುವುದು ಬಿಟ್ಟುಹೋಗಿದೆ. ಅಂದರೆ ಯಾರೋ ‘ಸೊನ್ನೆ ಬಂದರೆ ಒಂಬತ್ತು ಹಾಕು’ ಅಂತ ಉಪಾಯ ಹೇಳಿಕೊಟ್ಟಿದ್ದಾರೆ, ಯಾಕೆ ಅಂತ ಹೇಳಿಲ್ಲ. ಮೂರು ಮಕ್ಕಳು, ಮೂರು ತಪ್ಪು, ಮೂರಕ್ಕೂ ಬೇರೆ ಮದ್ದು. ನಾವು ಮೂವರಿಗೂ ಕೆಂಪು ಇಂಕಿನಲ್ಲಿ ಒಂದೇ ಗೀಟು ಎಳೆದು, ಒಂದೇ ವಿವರಣೆಯನ್ನು ಇನ್ನೊಂದು ಸಲ ಜೋರಾಗಿ ಹೇಳುತ್ತೇವೆ.

ಅವಳ ತಲೆಯಲ್ಲಿ ಏನಿದೆ ಅಂತ ತಿಳಿಯುವುದು ಹೇಗೆ? ‘ನಿನಗೆ ಇದು ಹೇಗೆ ಬಂತು, ನನಗೆ ಹೇಳು’ ಅಂತ ಕೇಳಿ. ಸರಿ ಉತ್ತರ ಬಂದಾಗಲೂ ಕೇಳಿ, ಇದು ಮುಖ್ಯ. ತಪ್ಪಾದಾಗ ಮಾತ್ರ ಕೇಳಿದರೆ ಎರಡೇ ದಿನದಲ್ಲಿ ಅವಳಿಗೆ ತಿಳಿದುಹೋಗುತ್ತದೆ. ನೀವು ಬಾಯಿ ತೆರೆದ ಕೂಡಲೇ ರಬ್ಬರ್ ಹುಡುಕುತ್ತಾಳೆ. ಎರಡನ್ನೂ ಒಂದೇ ದನಿಯಲ್ಲಿ ಕೇಳಬೇಕು, ಹುಬ್ಬು ಅಲ್ಲಾಡಬಾರದು. ಕೇಳಿದ ಮೇಲೆ ಸುಮ್ಮನಿರಿ. ನಿಜವಾಗಿಯೂ ಸುಮ್ಮನಿರಿ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಕಡಿಮೆಯಾಯಿತು. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ಮಗುವಿನ ಎದುರು ಕೂತು ಬಾಯಿ ಮುಚ್ಚಿಕೊಂಡು ಎಣಿಸಿ ನೋಡಿ, ಒಂದು ಯುಗ ಇದ್ದ ಹಾಗಿರುತ್ತದೆ. ನಾನು ಮನಸ್ಸಲ್ಲೇ ಹತ್ತರ ತನಕ ಎಣಿಸುತ್ತೇನೆ.

ರೋಗ ಸಿಕ್ಕಿತು ಅಂದುಕೊಳ್ಳಿ. ಮದ್ದು ಏನು? ಐವತ್ತೆರಡು ಕಡ್ಡಿ ತಗೊಳ್ಳಿ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು ಮಾಡಿ, ಎರಡು ಬಿಡಿ ಉಳಿಯಲಿ. ಕಟ್ಟನ್ನು ಅವಳೇ ಕಟ್ಟಬೇಕು, ನೀವು ಕಟ್ಟಿಕೊಟ್ಟರೆ ಅರ್ಧ ಪಾಠ ಹೋಯಿತು. ಆಮೇಲೆ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

‘ಇದರಲ್ಲಿ ಮೂವತ್ತೇಳು ನನಗೆ ಕೊಡು.’

ಅವಳು ಮೂರು ಕಟ್ಟು ಕೊಡುತ್ತಾಳೆ. ಎರಡು ಬಿಡಿ ಕೊಡುತ್ತಾಳೆ. ನಿಲ್ಲುತ್ತಾಳೆ.

‘ಇನ್ನೂ ಐದು ಬೇಕು.’

‘ಹೌದು, ಬೇಕು.’

‘ಇಲ್ಲ ನನ್ನ ಹತ್ತಿರ.’

‘ಇಲ್ವಾ?’ ಅಷ್ಟು ಕೇಳಿ ಸುಮ್ಮನಾಗಿ.

ಅವಳು ಮುಂದಿರುವ ಎರಡು ಕಟ್ಟು ನೋಡುತ್ತಾಳೆ. ‘ಇದನ್ನ ಬಿಚ್ಚಬಹುದಾ?’

ಈ ಪ್ರಶ್ನೆ ಅವಳ ಬಾಯಿಂದ ಬರಬೇಕು. ಅದಕ್ಕಾಗಿ ಹತ್ತು ನಿಮಿಷ ಹೋದರೂ ಪರವಾಗಿಲ್ಲ. ‘ಬಿಚ್ಚು’ ಅಂತ ನೀವೇ ಹೇಳಿದರೆ ಅದು ಇನ್ನೊಂದು ನಿಯಮ ಆಗುತ್ತದೆ, ಮುಂದಿನ ವಾರ ಮರೆತೂ ಹೋಗುತ್ತದೆ. ಬಿಚ್ಚಿ ಐದು ಕೊಟ್ಟ ಮೇಲೆ ಅವಳ ಮುಂದೆ ಒಂದು ಕಟ್ಟು, ಐದು ಬಿಡಿ ಇರುತ್ತವೆ. ಹದಿನೈದು. ‘ನೋಟ್‌ಬುಕ್ಕಲ್ಲಿ ಇಪ್ಪತ್ತೈದು ಬರೆದಿದ್ದೀಯಲ್ಲ?’ ಅಂತ ಕೇಳಿ. ತನ್ನ ತಪ್ಪನ್ನು ತಾನೇ ಹಿಡಿದ ಮಗುವಿನ ಮುಖ ನೋಡುವುದೇ ಈ ಕೆಲಸದ ಸಂಬಳ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಅವಳು ಏಳು ಬಿಡಿಯನ್ನೇ ಮೊದಲು ಕೊಡಲಿ ಅಂತ ಹಠ ಮಾಡಬೇಡಿ. ಬಲಗಡೆಯಿಂದ ಶುರು ಮಾಡುವುದು ಬರೆಯುವ ಅನುಕೂಲಕ್ಕೆ. ಕಡ್ಡಿ ಕೊಡುವಾಗ ಯಾರೂ ಹಾಗೆ ಮಾಡುವುದಿಲ್ಲ.

‘ಕಡ ತಗೊಳ್ಳೋದು’ ಅನ್ನುವ ಮಾತು ನನಗೆ ಇಷ್ಟವಿಲ್ಲ. ಕಡ ತಂದರೆ ವಾಪಸ್ ಕೊಡಬೇಕು, ಇಲ್ಲಿ ಯಾರೂ ಕೊಡುವುದಿಲ್ಲ. ಒಬ್ಬ ಹುಡುಗ ನನ್ನನ್ನು ‘ಯಾವಾಗ ವಾಪಸ್ ಕೊಡೋದು?’ ಅಂತ ಕೇಳಿಯೇ ಬಿಟ್ಟಿದ್ದ. ನಾನು ‘ಬಿಚ್ಚೋದು’ ಅನ್ನುತ್ತೇನೆ. ಕೂಡುವಾಗ ‘ಕಟ್ಟೋದು’. ಕೈಯಲ್ಲಿ ಮಾಡಿದ ಕೆಲಸ ಮತ್ತು ಬಾಯಲ್ಲಿ ಹೇಳುವ ಮಾತು ಒಂದೇ ಆಗಿರುತ್ತದೆ.

ಕಡ್ಡಿಯಲ್ಲಿ ಚೆನ್ನಾಗಿ ಮಾಡುವ ಮಗು ಪೇಪರಿಗೆ ಬಂದ ಕೂಡಲೇ ಹಳೇ ತಪ್ಪಿಗೆ ವಾಪಸ್ ಹೋಗುವುದುಂಟು. ಅದರ ಮಟ್ಟಿಗೆ ಕಡ್ಡಿಯ ಆಟ ಬೇರೆ, ಲೆಕ್ಕ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಮೂರು ಮೆಟ್ಟಿಲು ಇಲ್ಲಿ ಕೆಲಸಕ್ಕೆ ಬರುತ್ತದೆ: ಮೊದಲು ಕೈ, ಆಮೇಲೆ ಚಿತ್ರ, ಕೊನೆಗೆ ಅಂಕಿ. ಸಿಂಗಾಪುರದ ಗಣಿತ ಪಾಠಗಳು 1980ರ ದಶಕದಿಂದ ಇದೇ ದಾರಿ ಹಿಡಿದಿವೆ. ಕಟ್ಟಿಗೆ ಒಂದು ಉದ್ದ ಗೀಟು, ಬಿಡಿಗೆ ಒಂದು ಚುಕ್ಕಿ ಹಾಕಿ ಚಿತ್ರ ಬರೆಸಿ. ಕಟ್ಟು ಬಿಚ್ಚಿದ ಕ್ಷಣದಲ್ಲೇ ಪೇಪರಿನ ಮೇಲೆ 5ನ್ನು ಹೊಡೆದು 4 ಮಾಡಿಸಿ, 2ನ್ನು 12 ಮಾಡಿಸಿ. ಕೈ ಒಂದು ಕೆಲಸ ಮಾಡಿದರೆ ಪೆನ್ಸಿಲ್ ಅದನ್ನೇ ಬರೆಯಬೇಕು, ಬೆನ್ನಲ್ಲೇ. ಒಂದೆರಡು ವಾರದಲ್ಲಿ ಅವಳೇ ‘ಕಡ್ಡಿ ಬೇಡ’ ಅನ್ನುತ್ತಾಳೆ. ಅದಕ್ಕೆ ಮುಂಚೆ ನೀವು ಕಿತ್ತುಕೊಳ್ಳಬೇಡಿ.

ನಮ್ಮ ಭಾಷೆಯಿಂದ ಇಲ್ಲಿ ಒಂದು ಉಪಕಾರ ಇದೆ, ನಾವು ಅದನ್ನು ಬಳಸಿಕೊಳ್ಳುವುದು ಕಡಿಮೆ. ಐವತ್ತೆರಡು ಅಂದರೆ ಐವತ್ತು ಮತ್ತು ಎರಡು, ಕಿವಿಗೇ ಕೇಳುತ್ತದೆ. ಹದಿನೇಳರಲ್ಲಿ ಹತ್ತು ಇದೆ, ಏಳು ಇದೆ. ಇಂಗ್ಲಿಷಿನ ‘ಇಲೆವೆನ್’, ‘ಟ್ವೆಲ್ವ್’ನಲ್ಲಿ ಹತ್ತು ಎಲ್ಲೂ ಕೇಳಿಸುವುದಿಲ್ಲ. ‘ಥರ್ಟೀನ್’ ಮತ್ತು ‘ಥರ್ಟಿ’ ನಡುವೆ ಎಷ್ಟು ಮಕ್ಕಳು ಜಾರಿ ಬೀಳುತ್ತವೋ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಲೆಕ್ಕ ಕಲಿಯುವ ಮಗುವಾದರೂ, ಸ್ಥಾನಬೆಲೆ ಹೇಳುವಾಗ ಒಮ್ಮೆ ಕನ್ನಡದಲ್ಲಿ ಹೇಳಿಸಿ ನೋಡಿ. ಒಂಬತ್ತು, ತೊಂಬತ್ತರ ಹತ್ತಿರ ಮಾತ್ರ ಸ್ವಲ್ಪ ನಿಧಾನ, ಅವೆರಡು ಕಿವಿಗೆ ಒಂದೇ ತರ ಕೇಳುತ್ತವೆ.

ಮಗ್ಗಿಗೆ ಬರೋಣ. ಇಪ್ಪತ್ತರ ತನಕ ಹೇಳುತ್ತಾಳೆ ಅಂದರೆ ಅವಳ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಬಾಯಿಪಾಠವನ್ನು ಬೈಯುವ ಫ್ಯಾಷನ್ ನನಗಿಲ್ಲ. ಏಳೆಂಟ್ಲ ಐವತ್ತಾರು ಅಂತ ಥಟ್ಟನೆ ಬಾಯಿಗೆ ಬರದಿದ್ದರೆ ಮುಂದೆ ಭಾಗಾಕಾರ, ಭಿನ್ನರಾಶಿ ಎಲ್ಲ ಏದುಸಿರು ಬಿಡುವ ಕೆಲಸ. ತೊಂದರೆ ಏನೆಂದರೆ ಅವಳಿಗೆ ಮಗ್ಗಿ ಒಂದು ಹಾಡಾಗಿ ಗೊತ್ತಿದೆ. ಹಾಡನ್ನು ನಡುವಿನಿಂದ ಹಾಡು ಅಂದರೆ ನಿಮಗೂ ಕಷ್ಟ, ಅಲ್ವಾ? ಪಲ್ಲವಿಯಿಂದ ಶುರು ಮಾಡಬೇಕು.

ಅವಳ ಜೊತೆ ಕೂತು ಒಂದು ದೊಡ್ಡ ಚೌಕ ಬರೆಯಿರಿ, ಮೇಲೆ ಒಂದರಿಂದ ಹತ್ತು, ಪಕ್ಕದಲ್ಲಿ ಒಂದರಿಂದ ಹತ್ತು. ನೂರು ಮನೆ. ‘ಇಷ್ಟೂ ಕಲೀಬೇಕಾ?’ ಅಂತ ಹೆದರುತ್ತಾಳೆ. ಈಗ ಅಳಿಸುತ್ತಾ ಬನ್ನಿ. ಮೂರೇಳ್ಲ ಮತ್ತು ಏಳ್ಮೂರ್ಲ ಎರಡೂ ಒಂದೇ, ಹಾಗಾಗಿ 55 ಉಳಿಯುತ್ತದೆ. ಒಂದು, ಎರಡು, ಐದು, ಹತ್ತರ ಮಗ್ಗಿ ಅವಳಿಗೆ ಬರುತ್ತದೆ, ಅವನ್ನೂ ತೆಗೆದರೆ 21. ಒಂಬತ್ತರದ್ದು ಹತ್ತರಿಂದ ಸಿಗುತ್ತದೆ: ಒಂಬತ್ತು ಆರ್ಲ ಬೇಕಿದ್ದರೆ ಹತ್ತಾರ್ಲ ಅರವತ್ತು, ಅದರಲ್ಲಿ ಒಂದು ಆರು ತೆಗಿ, ಐವತ್ತನಾಲ್ಕು. ಈಗ 15. ಮೂರ್ಮೂರ್ಲ, ನಾಲ್ಕ್ನಾಲ್ಕ್ಲ ಅಂತ ಜೋಡಿ ಬರುವಂಥವು ಮಕ್ಕಳಿಗೆ ಬೇಗ ಹಿಡಿಸುತ್ತವೆ, ಅಂಥವು ಐದು. ಉಳಿದದ್ದು ಹತ್ತೇ ಹತ್ತು: 3×4, 3×6, 3×7, 3×8, 4×6, 4×7, 4×8, 6×7, 6×8, 7×8. ನೂರು ಹತ್ತಾಗುವುದನ್ನು ಅವಳ ಕಣ್ಣೆದುರೇ ಮಾಡಿ. ಅದರ ಪರಿಣಾಮ ಯಾವ ಭಾಷಣಕ್ಕೂ ಇಲ್ಲ.

ಆ ಹತ್ತನ್ನು ಚೀಟಿಯಲ್ಲಿ ಬರೆದು ಕಲಸಿ ಕೇಳಿ. ಬರದಿದ್ದರೆ ಉತ್ತರ ಹೇಳಬೇಡಿ, ‘ಐದೆಂಟ್ಲ ಬರುತ್ತಾ? ಅಲ್ಲಿಂದ ಏಳೆಂಟ್ಲಕ್ಕೆ ಹೋಗು’ ಅನ್ನಿ. ನಲವತ್ತು, ಇನ್ನೆರಡು ಎಂಟು, ಹದಿನಾರು, ಐವತ್ತಾರು. ಹೀಗೆ ನಾಲ್ಕೈದು ಸಲ ನಡೆದುಕೊಂಡು ಹೋದರೆ ಆರನೇ ಸಲ ಅದು ತಾನಾಗಿ ಬಾಯಿಗೆ ಬರುತ್ತದೆ. ಗಡಿಯಾರ ಹಿಡಿದು ಕೂರಬೇಡಿ. ವೇಗ ಹಿಂದಿನಿಂದ ಬರುತ್ತದೆ.

ಅಮ್ಮ ಹೇಳುವ ‘ಇನ್ನೂ ಜಾಸ್ತಿ ಲೆಕ್ಕ’ದ ವಿಷಯ. ಅಭ್ಯಾಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಜಾತಿಯ ಇಪ್ಪತ್ತು ಲೆಕ್ಕ ಕೊಟ್ಟರೆ ಅವಳು ಯೋಚಿಸುವುದು ಮೊದಲ ಎರಡಕ್ಕೆ ಮಾತ್ರ. ಉಳಿದ ಹದಿನೆಂಟು ಕೈಯ ಕೆಲಸ. ಅದಕ್ಕಿಂತ ಕೆಟ್ಟದ್ದು, ತಪ್ಪು ವಿಧಾನ ಇದ್ದರೆ ಇಪ್ಪತ್ತು ಸಲ ಅದೇ ಗಟ್ಟಿಯಾಗುತ್ತದೆ. ಐದು ಲೆಕ್ಕ ಸಾಕು, ಆದರೆ ಕಲಸಿ ಕೊಡಿ: ಒಂದು ಕೂಡುವುದು, ಒಂದು ಬಿಚ್ಚಬೇಕಾದ ಕಳೆಯುವುದು, ಒಂದು ಬಿಚ್ಚಬೇಕಿಲ್ಲದ್ದು, ಒಂದು ಗುಣಾಕಾರ, ಹೋದ ತಿಂಗಳದ್ದು ಒಂದು. ಯಾವ ವಿಧಾನ ಬೇಕು ಅಂತ ಪ್ರತಿ ಸಲ ಅವಳೇ ತೀರ್ಮಾನಿಸಬೇಕು. ಹೀಗೆ ಕಲಸಿದ ಅಭ್ಯಾಸದಲ್ಲಿ ಅವತ್ತಿನ ದಿನ ತಪ್ಪು ಜಾಸ್ತಿಯೇ ಬರುತ್ತದೆ, ಅಮ್ಮನಿಗೆ ಮೊದಲೇ ಹೇಳಿಟ್ಟಿರಿ. ಕೆಲವು ವಾರದ ಮೇಲಿನ ಪರೀಕ್ಷೆಯಲ್ಲಿ ಇದೇ ಗೆಲ್ಲುತ್ತದೆ.

ಮಾರನೇ ದಿನ ಮರೆಯುತ್ತಾಳೆ ಅಂದಿರಲ್ಲ, ಮರೆಯುವುದು ರೋಗವಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ: ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಸೋರಿಹೋಗುತ್ತದೆ, ಬಿಟ್ಟುಬಿಟ್ಟು ಮತ್ತೆ ನೆನೆದರೆ ನಿಲ್ಲುತ್ತದೆ. ಹಾಗಾಗಿ ಪಾಠದ ಮೊದಲ ಐದು ನಿಮಿಷ ಹೊಸದು ಏನೂ ಬೇಡ. ಮೊನ್ನೆಯದು ಒಂದು, ಹೋದ ವಾರದ್ದು ಒಂದು, ಪುಸ್ತಕ ಮುಚ್ಚಿ ಮಾಡಲಿ. ನೀವು ಹೇಳಿಕೊಟ್ಟದ್ದನ್ನು ಇನ್ನೊಂದು ಸಲ ಕೇಳಿಸಿಕೊಳ್ಳುವುದಕ್ಕಿಂತ, ಮರೆತಂತಿರುವುದನ್ನು ಅವಳೇ ತಡಕಾಡಿ ಎಳೆದು ತೆಗೆಯುವುದು ಹೆಚ್ಚು ಕಲಿಸುತ್ತದೆ.

ಇನ್ನು ಮಾತಿನ ಲೆಕ್ಕ. 1979ರ ಸುಮಾರಿಗೆ ಫ್ರಾನ್ಸಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಈ ಲೆಕ್ಕ ಕೊಟ್ಟರು: ‘ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸೆಷ್ಟು?’ ಬಹಳಷ್ಟು ಮಕ್ಕಳು ಉತ್ತರ ಕೊಟ್ಟರು. 36 ವರ್ಷ! ನಗು ಬರುತ್ತದೆ, ಆದರೆ ಆ ಮಕ್ಕಳು ದಡ್ಡರಲ್ಲ. ಶಾಲೆಯ ಲೆಕ್ಕದಲ್ಲಿ ಎರಡು ಸಂಖ್ಯೆ ಇರುತ್ತವೆ, ಅವನ್ನು ಏನಾದರೂ ಮಾಡಬೇಕು, ಕಥೆ ಸುಮ್ನೆ ಅಲಂಕಾರಕ್ಕೆ ಅಂತ ಅವರು ಕಲಿತಿದ್ದರು. ‘ಕೂಡಬೇಕಾ, ಕಳೀಬೇಕಾ?’ ಅಂತ ಕೇಳುವ ನಿಮ್ಮ ಹುಡುಗಿಯೂ ಅದೇ ಹಡಗಿನಲ್ಲಿದ್ದಾಳೆ.

ಇದಕ್ಕೆ ಕೆಲವರು ಒಂದು ಮದ್ದು ಹೇಳುತ್ತಾರೆ. ‘ಒಟ್ಟು’, ‘ಹೆಚ್ಚು’ ಬಂದರೆ ಕೂಡು, ‘ಉಳಿದ’, ‘ಕಡಿಮೆ’ ಬಂದರೆ ಕಳಿ. ದಯವಿಟ್ಟು ಇದನ್ನು ಕಲಿಸಬೇಡಿ. ‘ಅಣ್ಣನ ಹತ್ತಿರ 15 ಪೆನ್ಸಿಲ್ ಇವೆ. ಅದು ತಂಗಿಯ ಹತ್ತಿರ ಇರುವುದಕ್ಕಿಂತ 6 ಹೆಚ್ಚು. ತಂಗಿಯ ಹತ್ತಿರ ಎಷ್ಟಿವೆ?’ ‘ಹೆಚ್ಚು’ ನೋಡಿ ಕೂಡಿದರೆ 21. ಸರಿ ಉತ್ತರ 9. ನಾನು ಮಾಡುವುದು ಹೀಗೆ: ಸಂಖ್ಯೆಗಳ ಮೇಲೆ ಸಣ್ಣ ಚೀಟಿ ಅಂಟಿಸಿಬಿಡುತ್ತೇನೆ. ‘ಅಣ್ಣನ ಹತ್ತಿರ ಕೆಲವು ಪೆನ್ಸಿಲ್ ಇವೆ. ಅದು ತಂಗಿಯದಕ್ಕಿಂತ ಸ್ವಲ್ಪ ಹೆಚ್ಚು.’ ಈಗ ಕೂಡಲು ಕಳೆಯಲು ಏನೂ ಇಲ್ಲ. ‘ಏನು ಕಥೆ ಇದು, ನಿನ್ನ ಮಾತಲ್ಲಿ ಹೇಳು. ಯಾರ ಹತ್ತಿರ ಜಾಸ್ತಿ?’ ಅಂತ ಕೇಳುತ್ತೇನೆ. ಆಮೇಲೆ ಎರಡು ಪಟ್ಟಿಯ ಚಿತ್ರ ಬರೆಸುತ್ತೇನೆ, ಅಣ್ಣನದು ಉದ್ದ, ತಂಗಿಯದು ಗಿಡ್ಡ. ಗಿಡ್ಡ ಪಟ್ಟಿ ಬರೆದ ಮೇಲೆ 21 ಅನ್ನುವ ಮಗುವನ್ನು ನಾನು ನೋಡಿದ್ದು ಬಹಳ ಅಪರೂಪ. ಕೊನೆಗೆ ಚೀಟಿ ಕೀಳುವುದು. ಇದನ್ನು ಉಲ್ಟಾ ಕೂಡ ಮಾಡಿ: ‘15 − 6ಕ್ಕೆ ನೀನೇ ಒಂದು ಕಥೆ ಕಟ್ಟು.’ ಮಕ್ಕಳು ಕಟ್ಟುವ ಕಥೆ ಒಂದೊಂದು ಸಲ ವಿಚಿತ್ರವಾಗಿರುತ್ತದೆ. ಇರಲಿ ಬಿಡಿ, ಕಳೆಯುವುದು ಅಂದರೆ ಏನು ಅಂತ ಅವಳಿಗೆ ಗೊತ್ತಾ ಇಲ್ವಾ ಅನ್ನುವುದು ಅದರಲ್ಲಿ ಸಿಕ್ಕಿಬೀಳುತ್ತದೆ.

ನೀವು ಕೇಳದ ಒಂದು ವಿಷಯ, ಎರಡೇ ನಿಮಿಷದ್ದು. ಅವಳಿಗೆ 8 + 4 = ▢ + 5 ಕೊಟ್ಟು ನೋಡಿ. 12 ಅಥವಾ 17 ಬಂದರೆ ಆಶ್ಚರ್ಯ ಬೇಡ, ಹೆಚ್ಚಿನ ಮಕ್ಕಳದ್ದು ಇದೇ ಉತ್ತರ. ಅವರಿಗೆ = ಅಂದರೆ ‘ಈಗ ಉತ್ತರ ಬರಿ’ ಅಂತ. ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ಈ ಗುರುತು ತಂದಾಗ ಎರಡು ಸಮ ಗೀಟು ಎಳೆದದ್ದೇ ಅದಕ್ಕಿಂತ ಸಮವಾದದ್ದು ಬೇರೆ ಇಲ್ಲ ಅಂತ. ಎರಡೂ ಕಡೆ ತೂಕ ಒಂದೇ ಇರಬೇಕು ಅಂತ ತಕ್ಕಡಿಯ ಚಿತ್ರ ಬರೆದು ತೋರಿಸಿ. ಈಗ ಸರಿ ಮಾಡದಿದ್ದರೆ ಬೀಜಗಣಿತ ಬಂದಾಗ ಇದು ಕಾಡುತ್ತದೆ.

ಹೋಮ್‌ವರ್ಕ್ ಮುಗಿಸಿಕೊಡುವ ಕೆಲಸ ಮಾತ್ರ ತಲೆ ಮೇಲೆ ಹಾಕಿಕೊಳ್ಳಬೇಡಿ. ಅದು ಶುರುವಾದರೆ ನಿಮ್ಮ ಮೂರು ದಿನವೂ ಅದಕ್ಕೇ ಹೋಗುತ್ತದೆ.

ಅಮ್ಮನ ಹತ್ತಿರ ಇನ್ನೊಂದು ಮಾತು ಮೆಲ್ಲಗೆ ಹೇಳಬೇಕು. 2015ರಲ್ಲಿ ಅಮೆರಿಕದಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳ ಬಗ್ಗೆ ಒಂದು ಅಧ್ಯಯನ ಬಂತು. ಗಣಿತ ಅಂದರೆ ಹೆದರುವ ಅಪ್ಪ ಅಮ್ಮಂದಿರು ಆಗಾಗ ಹೋಮ್‌ವರ್ಕಿಗೆ ಕೂತರೆ, ಆ ವರ್ಷ ಮಕ್ಕಳು ಕಲಿತದ್ದು ಕಡಿಮೆ, ಮಕ್ಕಳಿಗೂ ಹೆದರಿಕೆ ಜಾಸ್ತಿ. ಹೆದರುವವರಾದರೂ ಹೋಮ್‌ವರ್ಕಿಗೆ ಅಷ್ಟಾಗಿ ಕೈಹಾಕದವರ ಮಕ್ಕಳಿಗೆ ಅಷ್ಟು ತೊಂದರೆ ಆಗಲಿಲ್ಲ. ‘ನನಗೂ ಗಣಿತ ಬರ್ತಿರಲಿಲ್ಲ’ ಅಂತ ಮಗಳ ಎದುರು ಹೇಳುವುದು ಸಮಾಧಾನಕ್ಕೇ ಇರಬಹುದು. ಮಗುವಿಗೆ ಕೇಳಿಸುವುದು ‘ನಿನಗೂ ಬರಲ್ಲ’ ಅಂತ. ಮನೆಯಲ್ಲಿ ಮಗಳು ಹೇಳಿಕೊಡಲಿ, ಅಮ್ಮ ಕೇಳಿಸಿಕೊಳ್ಳಲಿ, ಅಷ್ಟು ಸಾಕು.

ನೀವು ಬರೆದದ್ದರಲ್ಲಿ ನನಗೆ ಗಾಬರಿಯಾಗುವಂಥದ್ದು ಕಾಣಲಿಲ್ಲ. ಆದರೆ ತಿಂಗಳುಗಟ್ಟಲೆ ಕಡ್ಡಿ ಹಿಡಿದು ಮಾಡಿದ ಮೇಲೂ 8 ದೊಡ್ಡದಾ 6 ದೊಡ್ಡದಾ ಅಂತ ಎಣಿಸಿಯೇ ಹೇಳುವುದು, ಮೂರು ನಾಲ್ಕು ವಸ್ತುವನ್ನೂ ಒಂದೊಂದಾಗಿ ಎಣಿಸುವುದು ಕಂಡರೆ ಡಿಸ್‌ಕ್ಯಾಲ್ಕ್ಯುಲಿಯಾ, ಅಂದರೆ ಸಂಖ್ಯೆಗಳನ್ನು ಗ್ರಹಿಸುವುದರಲ್ಲೇ ಇರುವ ಕಲಿಕೆಯ ತೊಂದರೆ, ಇರಬಹುದು. 100 ಮಕ್ಕಳಲ್ಲಿ ಸುಮಾರು 3ರಿಂದ 7 ಮಕ್ಕಳಿಗೆ ಇರುತ್ತದೆ ಅನ್ನುತ್ತಾರೆ. ಅದನ್ನು ನಿರ್ಧರಿಸುವುದು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅದಕ್ಕೂ ಮೊದಲು ಕಣ್ಣು ಪರೀಕ್ಷೆ ಮಾಡಿಸಲು ಹೇಳಿ. ಅಂಕಿಗಳನ್ನು ಸಾಲು ತಪ್ಪಿ ಬರೆಯುವ ಮಕ್ಕಳಿಗೆ ಕೆಲವೊಮ್ಮೆ ಬೇಕಾಗಿದ್ದದ್ದು ಕನ್ನಡಕ.

ನಾಳೆ ಅವಳು ಬಂದಾಗ ಒಂದೇ ಲೆಕ್ಕ ಸಾಕು, 403 − 128. ಮಾಡುವಾಗ ಎದುರು ಕೂರಬೇಡಿ, ಪಕ್ಕದಲ್ಲಿ ಕೂರಿ, ನಿಮ್ಮ ಮುಖ ಅವಳಿಗೆ ಕಾಣಬಾರದು. ಮುಗಿದ ಮೇಲೆ ‘ಹೇಗೆ ಬಂತು?’ ಅಂತ ಕೇಳಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನನಗೆ ಮತ್ತೆ ಬರೆಯುವಾಗ ಆ ಹಾಳೆಯಲ್ಲಿ ಇದ್ದದ್ದನ್ನು ಹಾಗೇ ಬರೆದು ಕಳಿಸಿ. 275 ಬಂದಿದ್ದರೂ ಕಳಿಸಿ.